ಅಂಚೆಗೆ ಪೈಪೋಟಿ ಬಂದಾಗ ದೂರದ ಮನೆಯ ಕಾಗದ ಯಾರ ಹೊಣೆ?

ಅಂಚೆ ಸೇವೆಯನ್ನು ಪೈಪೋಟಿಗೆ ತೆರೆಯುವುದು, ಅದಕ್ಕೆ ಕಟ್ಟುಪಾಡು ಹಾಕುವುದು, ಕಾಗದಗಳು ಕಡಿಮೆಯಾದಂತೆ ಆ ಕಟ್ಟುಪಾಡನ್ನು ಬದಲಿಸುವುದು, ಈ ಕುರಿತು ಓದುಗರು ಕೇಳಿದ ನಾಲ್ಕು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಮೊದಲನೆಯದನ್ನು ಸ್ವಲ್ಪ ನಿಧಾನವಾಗಿ ಬಿಡಿಸಿದ್ದೇನೆ. ಅದು ಅರ್ಥವಾದರೆ ಉಳಿದವು ಸುಲಭ.

ಪ್ರಶ್ನೆ: ದೂರವಾಣಿ, ವಿಮಾನಯಾನ ಎಲ್ಲವೂ ಮುಕ್ತ ಮಾರುಕಟ್ಟೆಗೆ ಬಂದವು. ಪಾರ್ಸೆಲ್ ಒಯ್ಯಲು ಎಷ್ಟೋ ಕಂಪನಿಗಳಿವೆ. ಕಾಗದ ಹಂಚುವ ಕೆಲಸಕ್ಕೆ ಮಾತ್ರ ಪರವಾನಗಿ, ದರದ ಮಿತಿ, ವಾರಕ್ಕೆ ಇಂತಿಷ್ಟು ದಿನ ಎಂಬ ನಿಯಮ ಏಕೆ?

ಉತ್ತರ: ನೂರು ಮನೆಗಳ ಒಂದು ಬೀದಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೆಳಿಗ್ಗೆ ಬಟವಾಡೆಗೆ ಹೊರಟವನ ಚೀಲದಲ್ಲಿ ಅರವತ್ತು ಮನೆಗಳ ಕಾಗದವಿರಲಿ, ಇಪ್ಪತ್ತು ಮನೆಗಳದಿರಲಿ, ಅವನು ಬೀದಿಯ ಈ ತುದಿಯಿಂದ ಆ ತುದಿಗೆ ನಡೆಯಲೇಬೇಕು. ಕಾಗದ ಮೂರನೇ ಒಂದಕ್ಕೆ ಇಳಿದರೂ ನಡಿಗೆ ಮೂರನೇ ಒಂದಕ್ಕೆ ಇಳಿಯುವುದಿಲ್ಲ. ಪೆಟ್ಟಿಗೆಗೆ ಹಾಕುವ ಕೈಗೆಲಸ ಒಂದಿಷ್ಟು ಕಡಿಮೆಯಾದೀತು, ಅಷ್ಟೇ. ಅದೇ ಕಾಗದಗಳನ್ನು ಎರಡು ಕಂಪನಿಗಳು ಹಂಚಿಕೊಂಡರೆ ಅದೇ ಬೀದಿಯಲ್ಲಿ ಇಬ್ಬರು ನಡೆಯುತ್ತಾರೆ, ಒಬ್ಬೊಬ್ಬರ ಚೀಲವೂ ಅರ್ಧ ಖಾಲಿ. ಅಂಚೆಯ ಖರ್ಚು ಬಹುಪಾಲು ಕೂಲಿಯಲ್ಲಿದೆ, ಅದರಲ್ಲೂ ಕಾಲ್ನಡಿಗೆಯ ಆ ಕೊನೆಯ ಹಂತದಲ್ಲಿದೆ. ಹಾಗಾಗಿ ಬೇರೆ ವ್ಯಾಪಾರಗಳಲ್ಲಿ ಪೈಪೋಟಿಯಿಂದ ಸಿಗುವ ಉಳಿತಾಯ ಇಲ್ಲಿ ಹಾಗೆಯೇ ಸಿಗುವುದಿಲ್ಲ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ, ಅದನ್ನು ಜನ ಸಾಮಾನ್ಯವಾಗಿ ಗಮನಿಸುವುದಿಲ್ಲ. 1840ಕ್ಕೆ ಮೊದಲು ಬ್ರಿಟನ್ನಿನಲ್ಲಿ ಅಂಚೆ ವೆಚ್ಚವನ್ನು ಹೆಚ್ಚಾಗಿ ಕಾಗದ ಪಡೆದವರೇ ಕೊಡುತ್ತಿದ್ದರು. ದೂರ ಹೆಚ್ಚಿದಂತೆ, ಹಾಳೆ ಹೆಚ್ಚಿದಂತೆ ದರವೂ ಏರುತ್ತಿತ್ತು. 1837ರಲ್ಲಿ ರೋಲೆಂಡ್ ಹಿಲ್ ಎಂಬ ಅಂಚೆ ಸುಧಾರಕ ಲೆಕ್ಕ ಹಾಕಿ ತೋರಿಸಿದ: ಒಂದು ಕಾಗದವನ್ನು ಲಂಡನ್‌ನಿಂದ ಎಡಿನ್‌ಬರೊಗೆ ಸಾಗಿಸುವ ಖರ್ಚು ಒಂದು ಪೆನ್ನಿಯ ಮೂವತ್ತಾರನೇ ಒಂದು ಭಾಗ. ದುಡ್ಡು ಸೋರುತ್ತಿದ್ದದ್ದು ದಾರಿಯಲ್ಲಲ್ಲ, ಮನೆಮನೆಯ ಬಾಗಿಲಲ್ಲಿ ನಿಂತು ವಸೂಲಿ ಮಾಡುವುದರಲ್ಲಿ, ಪ್ರತಿ ಕಾಗದಕ್ಕೂ ಲೆಕ್ಕ ಬರೆಯುವುದರಲ್ಲಿ. ಅದರ ಫಲವಾಗಿ 1840ರಲ್ಲಿ ದೂರ ಎಷ್ಟೇ ಇರಲಿ ಒಂದೇ ದರ, ಅದನ್ನೂ ಕಳಿಸುವವನೇ ಮುಂಗಡ ಕೊಡಬೇಕು ಎಂಬ ಪದ್ಧತಿ ಬಂತು, ಅದರ ಜೊತೆಗೆ ಅಂಚೆ ಚೀಟಿಯೂ ಬಂತು.

ಅದೊಂದು ದೊಡ್ಡ ಸುಧಾರಣೆ. ಆದರೆ ಅಂದಿನಿಂದ ಹಣ ಕೊಡುವವನು ಒಬ್ಬ, ಬಾಗಿಲಲ್ಲಿ ಕಾಯುವವನು ಇನ್ನೊಬ್ಬ ಎಂದಾಯಿತು. ನಿಮ್ಮ ಬ್ಯಾಂಕು ಅಗ್ಗದ ಕಂಪನಿಯೊಂದನ್ನು ಆರಿಸಿಕೊಂಡು ಅದರ ಬಟವಾಡೆಗಾರ ನಿಮ್ಮ ಕಾಗದವನ್ನು ಪಕ್ಕದ ಗೇಟಿಗೆ ಸಿಕ್ಕಿಸಿ ಹೋದರೆ ನೀವು ಕಂಪನಿ ಬದಲಿಸಲಾರಿರಿ. ಆ ವ್ಯವಹಾರದಲ್ಲಿ ನೀವು ಗ್ರಾಹಕರೇ ಅಲ್ಲ. ಚೆನ್ನಾಗಿ ಮಾಡದವನನ್ನು ಬಿಟ್ಟು ಬೇರೆಯವನ ಹತ್ತಿರ ಹೋಗುವ ಹಕ್ಕು ಪೈಪೋಟಿಯ ಜೀವಾಳ. ಕಾಗದ ಪಡೆಯುವವನಿಗೆ ಆ ಹಕ್ಕಿಲ್ಲ. ಅಂಚೆಯ ನಿಯಂತ್ರಣ ಇರಬೇಕಾದದ್ದು ಮೊದಲಿಗೆ ಅವನಿಗಾಗಿ, ಹಳೆಯ ಅಂಚೆ ಸಂಸ್ಥೆಯನ್ನು ಕಾಪಾಡುವುದಕ್ಕಲ್ಲ. ಈ ಎರಡನ್ನು ಒಂದೇ ಎಂದು ಬಗೆದ ಸರ್ಕಾರಗಳು ಎಡವಿವೆ.

ಲೀಜ್ ಎಂಬ ಬೆಲ್ಜಿಯಂ ನಗರದ ಒಂದು ಮೊಕದ್ದಮೆ ಇದನ್ನೆಲ್ಲ ಒಟ್ಟಿಗೆ ತೋರಿಸುತ್ತದೆ. ಪೋಲ್ ಕೊರ್ಬೊ ಎಂಬುವರು ಕಳಿಸುವವರ ಮನೆಗೇ ಹೋಗಿ ಟಪಾಲು ಪಡೆದು, ನಗರದೊಳಗಿನ ವಿಳಾಸಗಳಿಗೆ ಮರುದಿನ ಮಧ್ಯಾಹ್ನದೊಳಗೆ ತಲುಪಿಸುತ್ತಿದ್ದರು. ನಗರದ ಹೊರಗಿನ ಕಾಗದಗಳನ್ನು? ಅವನ್ನು ಸಂಗ್ರಹಿಸಿ ಸರ್ಕಾರಿ ಅಂಚೆಗೆ ಹಾಕಿಬಿಡುತ್ತಿದ್ದರು. ಹತ್ತಿರದ್ದು, ಒತ್ತಾಗಿರುವುದು, ಲಾಭದ್ದು ತಮಗೆ, ಚದುರಿದ್ದು ಅಂಚೆಗೆ. ಅಂಚೆಯ ಏಕಸ್ವಾಮ್ಯ ಮುರಿದರೆಂದು ಅವರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲಾಯಿತು. 1993ರ ಮೇ ತಿಂಗಳಲ್ಲಿ ಐರೋಪ್ಯ ನ್ಯಾಯಾಲಯ ಕೊಟ್ಟ ತೀರ್ಪು ಎರಡು ಭಾಗದ್ದು. ಎಲ್ಲ ವಿಳಾಸಗಳಿಗೂ ಒಂದೇ ದರದಲ್ಲಿ ಸೇವೆ ಕೊಡುವವನು ನಷ್ಟದ ಕಡೆಯದನ್ನು ಲಾಭದ ಕಡೆಯಿಂದ ತುಂಬಿಕೊಳ್ಳಲೆಂದು, ಲಾಭದ ಭಾಗದಲ್ಲಿ ಪೈಪೋಟಿಯನ್ನು ಸರ್ಕಾರ ತಡೆಯಬಹುದು. ಆದರೆ ಮನೆಗೇ ಬಂದು ಒಯ್ಯುವುದು, ಹೆಚ್ಚು ಬೇಗ ತಲುಪಿಸುವುದು ಇಂಥ ಬೇರೆಯೇ ಬಗೆಯ ಸೇವೆಗಳು ಮೂಲ ಸೇವೆಯ ಆರ್ಥಿಕ ಸಮತೋಲವನ್ನು ಕೆಡಿಸದಿದ್ದರೆ ಅವುಗಳನ್ನು ಏಕಸ್ವಾಮ್ಯದೊಳಗೆ ಸೇರಿಸುವಂತಿಲ್ಲ. ಮೂವತ್ತು ವರ್ಷ ದಾಟಿದರೂ ಈ ಗೆರೆ ಸರಿಯಾದ ಜಾಗದಲ್ಲಿದೆ ಎಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ಏಕಸ್ವಾಮ್ಯ ತೆಗೆದುಹಾಕಿದ ದೇಶಗಳಲ್ಲಿ ಹೊಸ ಕಂಪನಿಗಳು ನಿಜವಾಗಿ ಬೆಳೆದವೇ?

ಉತ್ತರ: ನಿರೀಕ್ಷಿಸಿದಷ್ಟು ಇಲ್ಲ. ಕಾರಣ ದೇಶದಿಂದ ದೇಶಕ್ಕೆ ಬೇರೆ.

ಸ್ವೀಡನ್ 1993ರಲ್ಲೇ ಏಕಸ್ವಾಮ್ಯ ಬಿಟ್ಟಿತು. ಅಲ್ಲಿ ನಿಂತ ಪ್ರತಿಸ್ಪರ್ಧಿ ಸಿಟಿಮೇಲ್. ಅದು ಆರಿಸಿಕೊಂಡದ್ದು ಕಂಪನಿಗಳು ಮೊದಲೇ ವಿಂಗಡಿಸಿ ಕೊಡುವ ಸಗಟು ಟಪಾಲನ್ನು, ಅದನ್ನೂ ನಗರಗಳಲ್ಲಿ, ಮೂರು ಕೆಲಸದ ದಿನಗಳಿಗೊಮ್ಮೆ. ಐರೋಪ್ಯ ಒಕ್ಕೂಟ ಹಂತಹಂತವಾಗಿ ನಡೆಯಿತು. ಸದಸ್ಯ ದೇಶಗಳು ಪಾಲಿಸಬೇಕಾದ 1997ರ ನಿರ್ದೇಶನದಲ್ಲಿ ಏಕಸ್ವಾಮ್ಯದ ತೂಕದ ಮಿತಿ 350 ಗ್ರಾಂ, ಅದಕ್ಕಿಂತ ಭಾರದ್ದು ಪೈಪೋಟಿಗೆ ಮುಕ್ತ. ಆ ಮಿತಿ 2003ರಲ್ಲಿ 100 ಗ್ರಾಂಗೆ, 2006ರಲ್ಲಿ 50 ಗ್ರಾಂಗೆ ಇಳಿಯಿತು. 2008ರ ನಿರ್ದೇಶನದ ಪ್ರಕಾರ ಹೆಚ್ಚಿನ ಸದಸ್ಯ ದೇಶಗಳು 2010ರ ಕೊನೆಗೆ, ಉಳಿದವು 2012ರ ಕೊನೆಗೆ ಪೂರ್ತಿ ತೆರೆದವು.

ಜರ್ಮನಿ ಅದಕ್ಕೂ ಮುಂಚೆ, 2008ರ ಜನವರಿ 1ಕ್ಕೆ ಬಾಗಿಲು ತೆರೆಯಿತು. ಅದೇ ದಿನ ಟಪಾಲು ಕೆಲಸಗಾರರಿಗೆ ಕನಿಷ್ಠ ವೇತನವೂ ಜಾರಿಗೆ ಬಂತು, ಪಶ್ಚಿಮ ಭಾಗದ ಬಟವಾಡೆಗಾರನಿಗೆ ಗಂಟೆಗೆ 9.80 ಯೂರೊ. ಕಡಿಮೆ ಕೂಲಿಯ ಮೇಲೆ ಲೆಕ್ಕ ಕಟ್ಟಿದ್ದ ಪಿನ್ ಎಂಬ ಖಾಸಗಿ ಅಂಚೆ ಸಮೂಹ ದಿವಾಳಿಗೆ ಹೋಯಿತು. 2010ರಲ್ಲಿ ಅಲ್ಲಿನ ಸರ್ವೋಚ್ಚ ಆಡಳಿತ ನ್ಯಾಯಾಲಯ ಆ ವೇತನ ಆದೇಶವನ್ನೇ ರದ್ದುಗೊಳಿಸಿತು. ಕೆಲಸಗಾರನಿಗೆ ಬದುಕುವಷ್ಟು ಕೂಲಿ ಸಿಗಲೇಬೇಕು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದನ್ನು ಮಾರುಕಟ್ಟೆ ತೆರೆಯುವ ಎಷ್ಟೋ ಮೊದಲೇ, ಎಲ್ಲರಿಗೂ ಗೊತ್ತಾಗುವಂತೆ ನಿಗದಿ ಮಾಡಬೇಕಿತ್ತು. ಬಾಗಿಲು ತೆರೆದ ದಿನವೇ ಹೊಸ್ತಿಲು ಎತ್ತರಿಸಿದರೆ ಅದು ಕೆಲಸಗಾರನ ಹಿತಕ್ಕೋ ಹಳೆಯ ಸಂಸ್ಥೆಯ ಹಿತಕ್ಕೋ ಎಂಬ ಅನುಮಾನ ಉಳಿದೇ ಉಳಿಯುತ್ತದೆ.

ಬ್ರಿಟನ್ನಿನ ಕಥೆಯಿಂದ ಕಲಿಯುವುದು ಇನ್ನೂ ಹೆಚ್ಚು. 2006ರ ಜನವರಿಯಲ್ಲಿ ಅಲ್ಲಿ ಮಾರುಕಟ್ಟೆ ಪೂರ್ತಿ ತೆರೆಯಿತು. ಹೊಸಬರು ಸಗಟು ಟಪಾಲನ್ನು ಸಂಗ್ರಹಿಸಿ, ವಿಂಗಡಿಸಿ, ಕೊನೆಯ ಬಟವಾಡೆಗೆ ರಾಯಲ್ ಮೇಲ್‌ಗೆ ಒಪ್ಪಿಸುವ ದಾರಿ ಹಿಡಿದರು. ಹೀಗೆ ಹಳೆಯ ಸಂಸ್ಥೆಯ ಜಾಲವನ್ನು ದುಡ್ಡು ಕೊಟ್ಟು ಬಳಸುವುದಕ್ಕೆ ಪ್ರವೇಶಾವಕಾಶ ಎನ್ನುತ್ತಾರೆ. ಬೀದಿಯಲ್ಲಿ ಇಬ್ಬರು ನಡೆಯುವ ದಂಡವಿಲ್ಲ, ವಿಂಗಡಣೆಯಲ್ಲಿ ಪೈಪೋಟಿಯೂ ಇದೆ. ಈಗ ವಿಸಲ್ ಎಂಬ ಹೆಸರಿನ ಕಂಪನಿ 2012ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ತನ್ನದೇ ಬಟವಾಡೆಗಾರರನ್ನು ಬೀದಿಗೆ ಇಳಿಸಿತು. 2014ರ ಜನವರಿಯಲ್ಲಿ ರಾಯಲ್ ಮೇಲ್ ಸಗಟು ದರಗಳ ಬದಲಾವಣೆಯನ್ನು ಪ್ರಕಟಿಸಿತು. ತಾವೇ ಬಟವಾಡೆಗೆ ಇಳಿದವರು ಉಳಿದ ಪ್ರದೇಶಗಳಿಗೆ ಹೆಚ್ಚು ತೆರಬೇಕು ಎಂಬುದು ಅದರ ತಿರುಳು. ತನಿಖೆ ಶುರುವಾದ ಕೂಡಲೇ ಆ ದರ ಅಮಾನತಾಯಿತು. ಅದನ್ನು ಯಾರೂ ಒಮ್ಮೆಯೂ ಕೊಡಲಿಲ್ಲ. ಆದರೂ ವಿಸಲ್ 2015ರಲ್ಲಿ ಬಟವಾಡೆ ನಿಲ್ಲಿಸಿತು. ನಿಯಂತ್ರಣ ಸಂಸ್ಥೆಯಾದ ಆಫ್‌ಕಾಮ್ ರಾಯಲ್ ಮೇಲ್‌ಗೆ 5 ಕೋಟಿ ಪೌಂಡ್ ದಂಡ ಹಾಕಿದ್ದು 2018ರಲ್ಲಿ. ದಂಡ ಮೇಲ್ಮನವಿಗಳಲ್ಲೂ ಉಳಿಯಿತು, ಪ್ರತಿಸ್ಪರ್ಧಿ ಮಾತ್ರ ಉಳಿಯಲಿಲ್ಲ. ಪ್ರವೇಶದ ದರ ಬದಲಾಗುವ ಮೊದಲೇ ನಿಯಂತ್ರಕನ ಕಣ್ಣಿಗೆ ಬೀಳಬೇಕು ಎಂದು ನಾನು ಹಟ ಹಿಡಿದು ಹೇಳುವುದು ಇದಕ್ಕೇ. ನಾಲ್ಕು ವರ್ಷದ ನಂತರದ ನ್ಯಾಯ ಬೀದಿಯಲ್ಲಿ ಕಾಣಿಸುವುದಿಲ್ಲ.

ನೆದರ್ಲೆಂಡ್ಸ್ 2009ರಲ್ಲಿ ತೆರೆಯಿತು. ವಾರಕ್ಕೆ ಎರಡೇ ದಿನ ಹಂಚುತ್ತಿದ್ದ ಸ್ಯಾಂಡ್ ಎಂಬ ಕಂಪನಿ ಆ ನಂತರ ಹತ್ತು ವರ್ಷ ಬಾಳಿತು. 2019ರಲ್ಲಿ ಅಲ್ಲಿನ ಹಳೆಯ ಅಂಚೆ ಸಂಸ್ಥೆಯಾದ ಪೋಸ್ಟ್‌ಎನ್‌ಎಲ್ ಅದನ್ನು ಕೊಳ್ಳಲು ಹೊರಟಾಗ ಪೈಪೋಟಿ ಪ್ರಾಧಿಕಾರ ಬೇಡ ಎಂದಿತು, ಸರ್ಕಾರ ಆ ಮಾತನ್ನು ಮೀರಿ ಒಪ್ಪಿಗೆ ಕೊಟ್ಟಿತು. ಮರುವರ್ಷ ನ್ಯಾಯಾಲಯ ಆ ಒಪ್ಪಿಗೆಯನ್ನು ರದ್ದು ಮಾಡುವ ಹೊತ್ತಿಗೆ ಎರಡು ಜಾಲಗಳು ಒಂದಾಗಿಬಿಟ್ಟಿದ್ದವು.

ಪ್ರಶ್ನೆ: ಗುಡ್ಡದ ತುದಿಯ ಮನೆಗೆ ಕಾಗದ ಮುಟ್ಟಿಸುವ ನಷ್ಟವನ್ನು ಯಾರು ತುಂಬಬೇಕು? ಆ ನಷ್ಟದ ಲೆಕ್ಕ ಹೇಗೆ?

ಉತ್ತರ: ಎಲ್ಲ ಪೌರರ ಪರವಾಗಿ ಸರ್ಕಾರ ಬಯಸುವ ಸೇವೆಯಾದರೆ ಸರ್ಕಾರದ ಬೊಕ್ಕಸ ತುಂಬಬೇಕು, ಅದೂ ಬಹಿರಂಗವಾಗಿ. ಏಕಸ್ವಾಮ್ಯದಲ್ಲಿ ನಗರದ ಕಾಗದ ಗುಡ್ಡದ ಕಾಗದಕ್ಕೆ ಸದ್ದಿಲ್ಲದೆ ಹಣ ಕೊಡುತ್ತಿತ್ತು. ಆ ಮೊತ್ತ ಎಷ್ಟೆಂದು ಯಾರಿಗೂ ಕಾಣುತ್ತಿರಲಿಲ್ಲ. ಇನ್ನೊಂದು ದಾರಿ ಎಲ್ಲ ಕಂಪನಿಗಳಿಂದಲೂ ಸಂಗ್ರಹಿಸುವ ಪರಿಹಾರ ನಿಧಿ. ಐರೋಪ್ಯ ನಿಯಮ ಇದಕ್ಕೆ ಅವಕಾಶ ಕೊಟ್ಟಿದೆ, ಆದರೆ ನಿಧಿಗೆ ಕೊಡಬೇಕಾದದ್ದು ಹೆಚ್ಚಾದಷ್ಟೂ ಹೊಸಬರು ಬರುವುದೇ ಇಲ್ಲ. ಫಿನ್ಲೆಂಡ್ 1990ರ ದಶಕದಲ್ಲಿ ಮಾರುಕಟ್ಟೆ ತೆರೆದರೂ ದೇಶವಿಡೀ ಹಂಚದವರ ಮೇಲೆ ಹಾಕಿದ ಶುಲ್ಕದಿಂದ ಅದನ್ನು ಬೀಗ ಹಾಕಿದ ಹಾಗೆಯೇ ಇಟ್ಟಿತ್ತು.

ಲೆಕ್ಕ ಹೇಗೆ ಎಂದು ಕೇಳಿದ್ದೀರಿ. ಎಲ್ಲ ವಿಳಾಸಗಳಿಗೂ ಹಂಚುವ ಹೊಣೆ ಹೊತ್ತಾಗಿನ ಸಂಸ್ಥೆಯ ಲೆಕ್ಕವನ್ನೂ, ಆ ಹೊಣೆ ಇಲ್ಲದಿದ್ದರೆ ಅದೇ ಸಂಸ್ಥೆ ಹೇಗೆ ನಡೆಯುತ್ತಿತ್ತು ಎಂಬ ಊಹೆಯ ಲೆಕ್ಕವನ್ನೂ ಪಕ್ಕಪಕ್ಕ ಇಡುತ್ತಾರೆ. ವ್ಯತ್ಯಾಸವೇ ನಿವ್ವಳ ವೆಚ್ಚ. ಅದರಿಂದ, ಎಲ್ಲೆಡೆ ಇರುವುದರಿಂದ ಸಿಗುವ ಹೆಸರಿನ ಬೆಲೆಯಂಥ ಲಾಭಗಳನ್ನು ಕಳೆಯಬೇಕು. ಊಹೆಯ ಲೆಕ್ಕವನ್ನು ಹಣ ಪಡೆಯುವ ಸಂಸ್ಥೆಯೇ ತಯಾರಿಸಿದರೆ ಅದು ಯಾವ ಕಡೆಗೆ ವಾಲುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಲೆಕ್ಕಪತ್ರಗಳನ್ನು ಸ್ವತಂತ್ರವಾಗಿ ನೋಡಬಲ್ಲ ನಿಯಂತ್ರಕ ಇಲ್ಲದ ಕಡೆ ಪರಿಹಾರ ಕೊಡುವ ಮಾತು ತೆಗೆಯಲೇಬಾರದು.

ಪ್ರಶ್ನೆ: ಕಾಗದ ಬರೆಯುವವರೇ ಇಲ್ಲ. ಇನ್ನೂ ಈ ನಿಯಮಗಳು ಬೇಕೇ?

ಉತ್ತರ: ಈ ಪ್ರಶ್ನೆಗೆ ಎಲ್ಲರಿಗಿಂತ ಮುಂದೆ ಹೋಗಿ ಉತ್ತರ ಕೊಟ್ಟ ದೇಶ ಡೆನ್ಮಾರ್ಕ್. ಅಲ್ಲಿ 2000ದಲ್ಲಿ ಸುಮಾರು 140 ಕೋಟಿ ಇದ್ದ ಕಾಗದಗಳು 2024ರಲ್ಲಿ 11 ಕೋಟಿಗೆ ಇಳಿದಿದ್ದವು. 2024ರ ಜನವರಿಯಿಂದ ಸಾರ್ವತ್ರಿಕ ಸೇವೆಯ ಹೊಣೆಯನ್ನೇ, ಅಂದರೆ ಎಲ್ಲ ವಿಳಾಸಗಳಿಗೂ ಹಂಚಲೇಬೇಕೆಂಬ ಕಟ್ಟುಪಾಡನ್ನೇ, ಕಾನೂನಿನಿಂದ ತೆಗೆದರು, ತೆರಿಗೆ ವಿನಾಯಿತಿಯೂ ಹೋಯಿತು, ಒಂದು ಕಾಗದದ ದರ 29 ಕ್ರೋನರ್ ಆಯಿತು. ನಾಲ್ಕು ಶತಮಾನಗಳ ಪರಂಪರೆಯಿದ್ದ ಅಂಚೆ 2025ರ ಕೊನೆಗೆ ಕಾಗದ ಹಂಚುವುದನ್ನು ನಿಲ್ಲಿಸಿತು. ಸುಮಾರು 1,500 ಕೆಂಪು ಪೆಟ್ಟಿಗೆಗಳನ್ನು ಕಿತ್ತರು. ಈಗ ಡಿಎಒ ಎಂಬ ಖಾಸಗಿ ಕಂಪನಿ ಕಾಗದ ಒಯ್ಯುತ್ತದೆ.

ಎಲ್ಲ ದೇಶಗಳೂ ಡೆನ್ಮಾರ್ಕ್ ಆಗಲಾರವು. ಅಲ್ಲಿ ಸರ್ಕಾರದ ಪತ್ರಗಳು ಬಹಳ ಹಿಂದೆಯೇ ಡಿಜಿಟಲ್ ಪೆಟ್ಟಿಗೆಗೆ ಬರತೊಡಗಿದ್ದವು. ಆ ಸಿದ್ಧತೆಯಿಲ್ಲದ ಕಡೆ ಉಳಿದಿರುವ ಕಾಗದಗಳು ಯಾವುವು ನೋಡಿ: ಆಸ್ಪತ್ರೆಯ ಕರೆ, ನ್ಯಾಯಾಲಯದ ನೋಟಿಸು, ಅಂಚೆ ಮತಪತ್ರ. ಸಂಖ್ಯೆ ಕಡಿಮೆ, ತಲುಪದಿದ್ದರೆ ನಷ್ಟ ಹೆಚ್ಚು. ಅವನ್ನು ಕಾಯುವವರಲ್ಲಿ ಹೆಚ್ಚಿನವರು ವಯಸ್ಸಾದವರು, ಕಾಯಿಲೆಯವರು, ಪರದೆಯ ಮೇಲಿನದನ್ನು ಓದಲಾಗದವರು. ಹಾಗಾಗಿ ಕಡಿತ ಬೇಕೇಬೇಕೆಂದಾದರೆ ವಿಳಾಸಗಳನ್ನು ಬಿಡಬೇಡಿ, ದಿನಗಳನ್ನು ಕಡಿಮೆ ಮಾಡಿ ಎನ್ನುತ್ತೇನೆ. ನಾರ್ವೆ, ಸ್ವೀಡನ್ ದಿನ ಬಿಟ್ಟು ದಿನದ ಬಟವಾಡೆಗೆ ಬಂದಿವೆ. 2025ರ ಜುಲೈನಲ್ಲಿ ಬ್ರಿಟನ್ ಎರಡನೇ ದರ್ಜೆಯ ಕಾಗದಗಳಿಗೆ ಅದೇ ಕ್ರಮ ಅನುಸರಿಸಲು ಒಪ್ಪಿತು. ಮೊದಲನೇ ದರ್ಜೆಗೆ ಆರು ದಿನ ಹಾಗೆಯೇ ಉಳಿಯಿತು.

ಅಮೆರಿಕದಿಂದ ಒಂದು ಎಚ್ಚರಿಕೆ. 2006ರ ಕಾನೂನು ಅಲ್ಲಿನ ಅಂಚೆಯ ದರ ಏರಿಕೆಯನ್ನು ಬೆಲೆ ಸೂಚ್ಯಂಕಕ್ಕೆ ಕಟ್ಟಿಹಾಕಿತು. ಜೊತೆಗೆ ನಿವೃತ್ತರ ಮುಂದಿನ ಆರೋಗ್ಯ ವೆಚ್ಚಕ್ಕೆ ಈಗಲೇ ಹಣ ತೆಗೆದಿಡಬೇಕೆಂದಿತು. ಕಾಗದ ಕುಸಿಯತೊಡಗಿದಾಗ ದರ ಏರಿಸುವಂತಿಲ್ಲ, ಖರ್ಚು ಇಳಿಸುವಂತಿಲ್ಲ. ಆ ಹೊರೆಯನ್ನು ಇಳಿಸಿದ್ದು 2022ರಲ್ಲಿ. ಬೆಳೆಯುವ ಅಂಚೆಗೆ ಬರೆದ ನಿಯಮವನ್ನು ಕುಗ್ಗುವ ಅಂಚೆಯ ಕೊರಳಿಗೆ ಹದಿನಾರು ವರ್ಷ ಬಿಗಿದಿಟ್ಟಿದ್ದರು.

ಬಟವಾಡೆ ನಿಧಾನ ಮಾಡುವವರು ಮರೆಯುವ ಒಂದು ಸಂಗತಿಯಿದೆ. ನೋಟಿಸು ಅಂಚೆಗೆ ಹಾಕಿದ ಇಷ್ಟು ದಿನಕ್ಕೆ ತಲುಪಿತೆಂದೇ ಭಾವಿಸಲಾಗುವುದು ಎಂಬ ವಾಕ್ಯ ಎಷ್ಟೋ ಕಾನೂನುಗಳಲ್ಲಿದೆ. ಬಟವಾಡೆ ನಿಧಾನವಾಗಿ, ಆ ವಾಕ್ಯ ಹಾಗೆಯೇ ಉಳಿದರೆ ಕಾಗದ ಕೈಗೆ ಸಿಗುವ ಮೊದಲೇ ಮೇಲ್ಮನವಿಯ ದಿನಗಳು ಸವೆಯತೊಡಗುತ್ತವೆ. ಜರ್ಮನಿ 2024ರ ಹೊಸ ಅಂಚೆ ಕಾನೂನಿನಲ್ಲಿ ನೂರಕ್ಕೆ 95 ಕಾಗದಗಳು ಮೂರನೇ ಕೆಲಸದ ದಿನ ತಲುಪಿದರೆ ಸಾಕು ಎಂದಾಗ, ಸರ್ಕಾರಿ ಆದೇಶ ತಲುಪಿತೆಂದು ಭಾವಿಸುವ ಅವಧಿಯನ್ನೂ 2025ರ ಜನವರಿಯಿಂದ ಮೂರು ದಿನದಿಂದ ನಾಲ್ಕಕ್ಕೆ ಏರಿಸಿತು. ನಿಮ್ಮ ದೇಶದಲ್ಲಿ ಅಂಚೆ ಸುಧಾರಣೆಯ ಕರಡು ಸಾರ್ವಜನಿಕರ ಅಭಿಪ್ರಾಯಕ್ಕೆ ಬಂದರೆ ಮೊದಲು ಹುಡುಕಬೇಕಾದದ್ದು ಈ ಸಾಲನ್ನು. ಅದು ಅಲ್ಲಿಲ್ಲದಿದ್ದರೆ ಸೇರಿಸುವಂತೆ ಬರೆಯಿರಿ.