ಕೀಲಿಗೊಂಚಲು ಕೈ ಬದಲಾಗುವ ಮುನ್ನ

ಪ್ರಶ್ನೆ: ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಪಠ್ಯವನ್ನು ಯೂನಿಕೋಡ್‌ಗೆ ಬದಲಾಯಿಸುವ ಪೈಥಾನ್ ಲೈಬ್ರರಿಯೊಂದನ್ನು ಆರು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಕೋಡ್ ಗಿಟ್‌ಹಬ್‌ನಲ್ಲಿ, ಪ್ಯಾಕೇಜ್ ಪೈಪಿಐ ಎಂಬ ಪೈಥಾನ್ ಪ್ಯಾಕೇಜ್ ಭಂಡಾರದಲ್ಲಿ ಇದೆ. ಸ್ವಂತ ಡೊಮೇನ್‌ನಲ್ಲಿ ಪುಟ್ಟ ವೆಬ್‌ಸೈಟೂ ಇದೆ. ಈಗ ಸಮಯ ಸಾಲುತ್ತಿಲ್ಲ. ಮೂರು ತಿಂಗಳಿಂದ ಒಳ್ಳೆಯ ತಿದ್ದುಪಡಿ ಕಳಿಸುತ್ತಿರುವ ಒಬ್ಬರು ‘ನಾನು ಮುಂದುವರಿಸುತ್ತೇನೆ, ಪಾಸ್‌ವರ್ಡ್ ಕೊಡಿ’ ಎಂದಿದ್ದಾರೆ. ಕೊಟ್ಟುಬಿಡಲೇ?
– ಓದುಗರು, ಶಿವಮೊಗ್ಗ

ಉತ್ತರ: ಉಸ್ತುವಾರಿ ಕೊಡಿ, ಪಾಸ್‌ವರ್ಡ್ ಮಾತ್ರ ಬೇಡ. ಪಾಸ್‌ವರ್ಡ್ ನಿಮ್ಮ ಖಾತೆಯದು. ಅದು ಹೋದರೆ ನಿಮ್ಮ ಉಳಿದ ರೆಪೊಗಳೂ (ಕೋಡ್ ಸಂಗ್ರಹಗಳೂ) ಜೊತೆಗೇ ಹೋಗುತ್ತವೆ. ಯಾವ ಬದಲಾವಣೆ ಯಾರು ಮಾಡಿದ್ದು ಎಂದು ನಾಳೆ ಹೇಳಲೂ ಆಗುವುದಿಲ್ಲ. ಕೋಡ್ ಮೊದಲಿನಿಂದಲೂ ಎಲ್ಲರಿಗೂ ಸಿಗುವಂಥದೇ. ಈಗ ನೀವು ಕೊಡಹೊರಟಿರುವುದು ಅದನ್ನು ನಂಬಿದವರ ಕಂಪ್ಯೂಟರ್‌ಗಳಿಗೆ ಮುಂದಿನ ಅಪ್‌ಡೇಟ್ ಕಳಿಸುವ ಅಧಿಕಾರ. ಅದನ್ನು ಒಂದೇ ದಿನದಲ್ಲಿ ಕೊಡಬಾರದು.

ಯಾಕೆಂದರೆ ಎರಡು ಪ್ರಕರಣ ಕಣ್ಣ ಮುಂದಿವೆ. 2018ರಲ್ಲಿ ಈವೆಂಟ್-ಸ್ಟ್ರೀಮ್ ಎಂಬ ಎನ್‌ಪಿಎಂ (ಜಾವಾಸ್ಕ್ರಿಪ್ಟ್ ಭಂಡಾರ) ಪ್ಯಾಕೇಜನ್ನು ಅದರ ಕರ್ತೃ ಸಹಾಯಕ್ಕೆ ಬಂದ ಅಪರಿಚಿತರೊಬ್ಬರಿಗೆ ಒಪ್ಪಿಸಿದರು. ಹೊಸಬರು ಸೆಪ್ಟೆಂಬರ್‌ನಲ್ಲಿ ಫ್ಲ್ಯಾಟ್‌ಮ್ಯಾಪ್-ಸ್ಟ್ರೀಮ್ ಎಂಬ ಸಣ್ಣ ಡಿಪೆಂಡೆನ್ಸಿ (ಅವಲಂಬಿತ ಪ್ಯಾಕೇಜ್) ಸೇರಿಸಿದರು. ಅದರೊಳಗಿದ್ದದ್ದು ಕೋಪೇ ಬಿಟ್‌ಕಾಯಿನ್ ವ್ಯಾಲೆಟ್‌ನಿಂದ ಕದಿಯುವ ಕೋಡ್ ಎಂದು ನವೆಂಬರ್‌ನಲ್ಲಿ ಗೊತ್ತಾಯಿತು. ಲಿನಕ್ಸ್‌ನಲ್ಲಿ ಫೈಲು ಕುಗ್ಗಿಸುವ ಎಕ್ಸ್‌ಜೆಡ್ ಯುಟಿಲ್ಸ್‌ನಲ್ಲಿ ಆದದ್ದು ಇನ್ನೂ ತಾಳ್ಮೆಯ ಕೆಲಸ: ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಪ್ಯಾಚ್ (ತಿದ್ದುಪಡಿ) ಕಳಿಸಿ ನಂಬಿಕೆ ಗಳಿಸಿದ ವ್ಯಕ್ತಿಯೇ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇಟ್ಟಿದ್ದ. ದೂರದ ಕಂಪ್ಯೂಟರ್‌ಗೆ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಆಂಡ್ರೆಸ್ ಫ್ರೂಂಡ್ ಎಂಬ ಎಂಜಿನಿಯರ್ ಗಮನಿಸಿ ಬೆನ್ನುಹತ್ತಿದ್ದರಿಂದ 2024ರ ಮಾರ್ಚ್ 29ರಂದು ಅದು ಬಯಲಾಯಿತು. ದಾಳಿಯನ್ನು ಚಾಲೂ ಮಾಡುವ ಫೈಲು ಗಿಟ್‌ನಲ್ಲಿ ಇರಲೇ ಇಲ್ಲ. ಬಿಡುಗಡೆಯ ಟಾರ್‌ಬಾಲ್‌ನಲ್ಲಿ (ಕಟ್ಟಿ ಹಂಚುವ ಫೈಲಿನಲ್ಲಿ) ಮಾತ್ರ ಇತ್ತು. ಹಾಗಾಗಿ ಒಳ್ಳೆಯ ಪ್ಯಾಚ್‌ಗಳು ಒಂದು ಗುರುತು ಅಷ್ಟೆ, ಖಾತರಿಯಲ್ಲ. ಜೊತೆಗೆ, ಯಾರೇ ಆಗಲಿ ತಮ್ಮ ಲ್ಯಾಪ್‌ಟಾಪ್‌ನಿಂದ ನೇರವಾಗಿ ಬಿಡುಗಡೆ ಮಾಡಲಾಗದಂತೆ ವ್ಯವಸ್ಥೆ ಇರಬೇಕು.

ಇನ್ನು ಕೆಲಸಕ್ಕೆ ಬನ್ನಿ. ಮೊದಲು ಒಂದು ಹಾಳೆಯಲ್ಲಿ ಯೋಜನೆಗೆ ಸೇರಿದ್ದೆಲ್ಲವನ್ನೂ ಪಟ್ಟಿ ಮಾಡಿ: ರೆಪೊ, ಪ್ಯಾಕೇಜ್ ಹೆಸರು, ಡೊಮೇನ್, ಹೋಸ್ಟಿಂಗ್, ಯೋಜನೆಯ ಇಮೇಲ್, ಸಿಐನಲ್ಲಿ (ಕೋಡನ್ನು ತಾನಾಗಿ ಪರೀಕ್ಷಿಸುವ ವ್ಯವಸ್ಥೆಯಲ್ಲಿ) ಇಟ್ಟ ಟೋಕನ್‌ಗಳು (ಪಾಸ್‌ವರ್ಡ್ ಬದಲಿನ ಗುಪ್ತ ಸಂಕೇತಗಳು), ದೇಣಿಗೆ ಬರುವ ಖಾತೆ. ಪ್ರತಿಯೊಂದರ ಮುಂದೆ ಯಾವ ಇಮೇಲ್‌ನಲ್ಲಿ ನೋಂದಣಿಯಾಗಿದೆ, ಯಾವಾಗ ನವೀಕರಿಸಬೇಕು ಎಂದು ಬರೆಯಿರಿ. ಬಹಳ ಮಂದಿ ಮರೆಯುವುದು ಡೊಮೇನನ್ನು. 2022ರ ಮೇ ತಿಂಗಳಲ್ಲಿ ಪೈಪಿಐನ ಸಿಟಿಎಕ್ಸ್ ಪ್ಯಾಕೇಜ್ ಕೈತಪ್ಪಿದ್ದು ಹೀಗೆಯೇ. ಕರ್ತೃವಿನ ಇಮೇಲ್ ಇದ್ದ ಡೊಮೇನ್ ಅವಧಿ ಮುಗಿದಿತ್ತು. ಅದನ್ನು ಬೇರೊಬ್ಬರು ಕೊಂಡು, ಪಾಸ್‌ವರ್ಡ್ ಮರುಹೊಂದಿಸುವ ಪತ್ರ ತರಿಸಿಕೊಂಡು, ದುರುದ್ದೇಶದ ಆವೃತ್ತಿ ಹಾಕಿದರು. ವೆಬ್‌ಸೈಟ್ ನಿಲ್ಲಿಸಿದರೂ ಡೊಮೇನನ್ನು ಕೂಡಲೇ ಬಿಡಬೇಡಿ. ಅದರ ಇಮೇಲ್ ಬಳಸಿದ ಎಲ್ಲ ಖಾತೆಗಳನ್ನೂ ಬದಲಾಯಿಸಿದ ಮೇಲೆ ಬಿಡಿ.

ಅಧಿಕಾರವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ. ಮೊದಲ ತಿಂಗಳು ಗಿಟ್‌ಹಬ್‌ನಲ್ಲಿ ಟ್ರಿಯಾಜ್ ಪಾತ್ರ, ಅಂದರೆ ದೂರುಗಳನ್ನು ವಿಂಗಡಿಸುವುದು. ಈ ಪಾತ್ರ ಆರ್ಗನೈಸೇಷನ್‌ನ ರೆಪೊಗಳಲ್ಲಿ ಮಾತ್ರ ಸಿಗುತ್ತದೆ, ಹಾಗಾಗಿ ಮುಂದೆ ಹೇಳಿರುವ ವರ್ಗಾವಣೆಯನ್ನು ಇದಕ್ಕೂ ಮೊದಲೇ ಮಾಡಿ. ಆಮೇಲೆ ರೈಟ್, ಅಂದರೆ ಕೋಡ್ ಬದಲಾಯಿಸುವ ಪಾತ್ರ, ಆದರೆ ಮೇನ್ ಬ್ರಾಂಚ್‌ಗೆ (ಮುಖ್ಯ ಕೋಡ್‌ಗೆ) ಇನ್ನೊಬ್ಬರ ಒಪ್ಪಿಗೆ ಇಲ್ಲದೆ ಏನೂ ಸೇರದಂತೆ ರಕ್ಷಣೆ ಹಾಕಿ. ನಂತರ ಎರಡು ಬಿಡುಗಡೆ: ಒಂದನ್ನು ನೀವು ಮಾಡಿ, ಅವರು ನೋಡಲಿ, ಇನ್ನೊಂದನ್ನು ಅವರು ಮಾಡಲಿ, ನೀವು ನೋಡಿ. ನೀವು ಬಾಯಿಬಿಟ್ಟು ಹೇಳಬೇಕಾಗಿ ಬಂದದ್ದೆಲ್ಲ ಬಿಡುಗಡೆಯ ಟಿಪ್ಪಣಿಯಲ್ಲಿ ಬಿಟ್ಟುಹೋದ ಹೆಜ್ಜೆ, ಆಗಲೇ ಬರೆದಿಡಿ. ಇದಕ್ಕೆಲ್ಲ ಆರು ತಿಂಗಳು ಹಿಡಿದರೆ ಹೆಚ್ಚೇನಲ್ಲ. ಅವಸರ ಮಾಡುವವರು, ಕಾಯಲು ಒಪ್ಪದವರು ಈ ಕೆಲಸಕ್ಕೆ ಸರಿಯಾದವರಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ರೆಪೊವನ್ನು ಅವರ ವೈಯಕ್ತಿಕ ಖಾತೆಗೆ ವರ್ಗಾಯಿಸುವ ಬದಲು ಗಿಟ್‌ಹಬ್‌ನಲ್ಲಿ ಒಂದು ಆರ್ಗನೈಸೇಷನ್ ತೆರೆದು ಅಲ್ಲಿಗೆ ಒಯ್ಯಿರಿ, ಇಬ್ಬರಾದರೂ ಓನರ್ ಇರಲಿ. ಸೆಟ್ಟಿಂಗ್ಸ್‌ನ ಕೆಳತುದಿಯ ಡೇಂಜರ್ ಜೋನ್‌ನಲ್ಲಿ ಟ್ರಾನ್ಸ್‌ಫರ್ ಇದೆ. ಇಶ್ಯೂ (ದೂರು), ಪುಲ್ ರಿಕ್ವೆಸ್ಟ್ (ತಿದ್ದುಪಡಿ ಸಲ್ಲಿಕೆ), ವಿಕಿ, ಸ್ಟಾರ್ ಎಲ್ಲವೂ ಜೊತೆಗೆ ಹೋಗುತ್ತವೆ. ಹಳೆಯ ವಿಳಾಸ ಹೊಸದಕ್ಕೆ ತಾನಾಗಿ ತಿರುಗುತ್ತದೆ. ಆದರೆ ನಿಮ್ಮ ಖಾತೆಯಲ್ಲಿ ಅದೇ ಹೆಸರಿನ ಹೊಸ ರೆಪೊ ತೆರೆದರೆ ಆ ತಿರುವು ಅಳಿಸಿಹೋಗುತ್ತದೆ. ಗಿಟ್‌ಹಬ್ ಪೇಜಸ್‌ನ (ರೆಪೊದಿಂದ ನಡೆಯುವ ವೆಬ್‌ಸೈಟ್‌ನ) ವಿಳಾಸವಂತೂ ತಿರುಗುವುದಿಲ್ಲ. ಸೀಕ್ರೆಟ್, ಡಿಪ್ಲಾಯ್ ಕೀ, ವೆಬ್‌ಹುಕ್‌ನಂಥ ಗುಪ್ತ ಕೀಲಿಗಳು, ಸಂಪರ್ಕಗಳೂ ರೆಪೊ ಜೊತೆಗೇ ಅಂಟಿಕೊಂಡು ಹೋಗುತ್ತವೆ. ನಿಮ್ಮ ಹೆಸರಿನ ಹಳೆಯ ಟೋಕನ್‌ಗಳನ್ನು ಅವತ್ತೇ ರದ್ದು ಮಾಡಿ, ಅವರು ತಮ್ಮದನ್ನು ಹೊಸದಾಗಿ ಮಾಡಿಕೊಳ್ಳಲಿ. ಬೀಗವನ್ನೇ ಬದಲಾಯಿಸಬೇಕು, ಹಳೆಯ ಕೀಲಿ ದಾಟಿಸಬಾರದು.

ಪೈಪಿಐನಲ್ಲಿ ಎರಡು ಪಾತ್ರಗಳಿವೆ. ಮೇಂಟೇನರ್ ಆದವರು ಹೊಸ ಆವೃತ್ತಿ ಏರಿಸಬಹುದು. ಬೇರೆಯವರನ್ನು ಸೇರಿಸುವ, ಪ್ಯಾಕೇಜ್ ಅಳಿಸುವ ಅಧಿಕಾರ ಓನರ್‌ಗೆ ಮಾತ್ರ. ಮೊದಲದ್ದನ್ನು ಈಗ ಕೊಡಿ, ಎರಡನೆಯದನ್ನು ಕೊನೆಗೆ. ಟ್ರಸ್ಟೆಡ್ ಪಬ್ಲಿಷರ್ ವ್ಯವಸ್ಥೆ ಇದ್ದರೆ ಟೋಕನ್ ಬೇಕೇ ಇಲ್ಲ, ಗಿಟ್‌ಹಬ್‌ನ ವರ್ಕ್‌ಫ್ಲೋ (ತಾನಾಗಿ ನಡೆಯುವ ಕೆಲಸಗಳ ಸರಣಿ) ನೇರವಾಗಿ ಬಿಡುಗಡೆ ಮಾಡುತ್ತದೆ. ಆದರೆ ರೆಪೊ ಸ್ಥಳ ಬದಲಾಯಿಸಿದ ಮರುದಿನ ಬಿಡುಗಡೆ ಕೆಟ್ಟರೆ ಮೊದಲು ನೋಡಬೇಕಾದದ್ದೂ ಇಲ್ಲಿಯೇ. ಪೈಪಿಐನಲ್ಲಿ ಹಳೆಯ ಮಾಲೀಕರ ಖಾತೆಯ ಹೆಸರೇ ಉಳಿದಿರುತ್ತದೆ. ವಿಳಾಸ ತಿರುಗುವುದರಿಂದ ಇದು ಸರಿಹೋಗದು, ಹೊಸ ಹೆಸರಿನಲ್ಲಿ ಮತ್ತೆ ದಾಖಲಿಸಬೇಕು.

ಕೃತಿಸ್ವಾಮ್ಯದ ಬಗ್ಗೆ ಒಂದು ಮಾತು. ಉಸ್ತುವಾರಿ ಬದಲಾದರೆ ಕೃತಿಸ್ವಾಮ್ಯ ಬದಲಾಗದು. ನೀವು ಬರೆದ ಸಾಲು ನಿಮ್ಮದೇ, ಉಳಿದವರು ಬರೆದದ್ದು ಅವರವರದೇ. ಲೈಸೆನ್ಸ್ ಫೈಲಿನಲ್ಲಿ ನಿಮ್ಮ ಹೆಸರು ತೆಗೆಯದೆ ಅವರ ಹೆಸರನ್ನು ಕೆಳಗೆ ಸೇರಿಸಿದರೆ ಸಾಕು. ಕೃತಿಸ್ವಾಮ್ಯವನ್ನೇ ಬರೆದುಕೊಡುವುದಾದರೆ 1957ರ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಸಹಿ ಮಾಡಿದ ಲಿಖಿತ ಪತ್ರ ಬೇಕು. ಅದರಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರವೆಂದೂ ಭಾವಿಸಲಾಗುತ್ತದೆ. ಹೆಚ್ಚಿನ ಯೋಜನೆಗಳಿಗೆ ಈ ಗೋಜು ಬೇಕಿಲ್ಲ.

ಇಷ್ಟೆಲ್ಲ ಆದರೂ ನಿಮ್ಮ ತಲೆಯಲ್ಲಿರುವುದು ದಾಟದಿದ್ದರೆ ಕೆಲಸ ಅರ್ಧ. ನಿಮ್ಮ ಲೈಬ್ರರಿಯನ್ನೇ ನೋಡಿ. ಆಸ್ಕಿ ಫಾಂಟ್‌ನಲ್ಲಿ ‘ಸೂರ್ಯ’ ಬರೆದರೆ ಅರ್ಕಾವತ್ತು ಕೊನೆಗೆ ಬರುತ್ತದೆ. ಯೂನಿಕೋಡ್‌ನಲ್ಲಿ ರಕಾರ ಮತ್ತು ಹಲಂತ ಯಕಾರಕ್ಕಿಂತ ಮೊದಲು ಕೂರಬೇಕು. ಅದೇ ‘ರ‍್ಯಾಂಕ್’ ಎಂಬಲ್ಲಿ ಅರ್ಕಾವತ್ತು ಬೇಡ, ಅದಕ್ಕೆ ರಕಾರದ ನಂತರ, ಹಲಂತಕ್ಕೆ ಮೊದಲು, ಕಣ್ಣಿಗೆ ಕಾಣದ ಜೋಡಣೆಯ ಅಕ್ಷರವೊಂದು ಇರಲೇಬೇಕು. ಹೊಸಬರು ‘ಅನಗತ್ಯ ಅಕ್ಷರ’ವೆಂದು ಅದನ್ನು ಶುದ್ಧ ಮಾಡಿದರೆ ಮರುದಿನವೇ ಪತ್ರಿಕೆಯಲ್ಲಿ ‘ರ್ಯಾಂಕ್’ ಅಚ್ಚಾಗುತ್ತದೆ. ಟಿಪ್ಪಣಿಯನ್ನು ಯಾರೂ ಓದದಿರಬಹುದು. ಇಂಥ ಪದಗಳನ್ನು ಪರೀಕ್ಷಾ ಫೈಲಿಗೆ ಹಾಕಿ, ಪ್ರತಿಯೊಂದರ ಪಕ್ಕದಲ್ಲಿ ಕಾರಣ ಬರೆಯಿರಿ. ಯಾರೇ ಕೆಡಿಸಿದರೂ ಸಿಐ ಅಲ್ಲೇ ಕೆಂಪಾಗುತ್ತದೆ.

ಪ್ರಶ್ನೆ: ಸ್ನೇಹಿತರೊಬ್ಬರ ಆಂಡ್ರಾಯ್ಡ್ ಕನ್ನಡ ಕೀಬೋರ್ಡ್ ಆ್ಯಪ್‌ನ ಉಸ್ತುವಾರಿ ನನಗೆ ಬಂದಿದೆ. ಕೋಡ್ ಸಿಕ್ಕಿದೆ, ಆದರೆ ನಾನು ಕಟ್ಟಿದ ಹೊಸ ಆವೃತ್ತಿ ಹಳೆಯದರ ಮೇಲೆ ಇನ್‌ಸ್ಟಾಲ್ ಆಗುತ್ತಿಲ್ಲ.
– ಓದುಗರು, ಹುಬ್ಬಳ್ಳಿ

ಉತ್ತರ: ಸಹಿ ಹೊಂದುತ್ತಿಲ್ಲ. ಹಳೆಯದಕ್ಕೆ ಹಾಕಿದ ಸೈನಿಂಗ್ ಕೀಯಿಂದಲೇ ಸಹಿಯಾಗದ ಅಪ್‌ಡೇಟನ್ನು ಆಂಡ್ರಾಯ್ಡ್ ಒಪ್ಪುವುದಿಲ್ಲ. ಪ್ಲೇ ಆ್ಯಪ್ ಸೈನಿಂಗ್ ಬಳಸಿದ್ದರೆ ಮೂಲ ಕೀ ಗೂಗಲ್ ಬಳಿ ಇರುತ್ತದೆ. ನಿಮ್ಮ ಸ್ನೇಹಿತರು ಪ್ಲೇ ಕನ್ಸೋಲ್‌ನಿಂದ ಆ್ಯಪನ್ನು ನಿಮ್ಮ ಡೆವಲಪರ್ ಖಾತೆಗೆ ವರ್ಗಾಯಿಸಲಿ (ಖಾತೆ ಇಲ್ಲದಿದ್ದರೆ ಒಂದು ಬಾರಿ 25 ಡಾಲರ್ ಶುಲ್ಕ). ಬಳಕೆದಾರರು, ರೇಟಿಂಗ್, ವಿಮರ್ಶೆಗಳು ಉಳಿಯುತ್ತವೆ. ಅಪ್‌ಲೋಡ್ ಕೀ (ಪ್ಲೇಗೆ ಆವೃತ್ತಿ ಕಳಿಸುವಾಗ ಹಾಕುವ ಕೀ) ಕಳೆದಿದ್ದರೆ ಹೊಸದನ್ನು ಕೇಳಿ ಪಡೆಯಬಹುದು. ಮೂಲ ಕೀ ನಿಮ್ಮ ಸ್ನೇಹಿತರ ಬಳಿ ಮಾತ್ರ ಇದ್ದು, ಅದೇ ಕಳೆದುಹೋಗಿದ್ದರೆ ಬೇರೆ ಪ್ಯಾಕೇಜ್ ಹೆಸರಿನಲ್ಲಿ ಹೊಸ ಆ್ಯಪ್ ಬಿಡುವುದೊಂದೇ ದಾರಿ. ಮುಕ್ತ ಆ್ಯಪ್‌ಗಳ ಭಂಡಾರವಾದ ಎಫ್-ಡ್ರಾಯ್ಡ್ ಸಾಮಾನ್ಯವಾಗಿ ತನ್ನದೇ ಕೀಯಿಂದ ಸಹಿ ಮಾಡುವುದರಿಂದ ಅಲ್ಲಿಂದ ಪಡೆದವರಿಗೆ ಪ್ಲೇ ಸ್ಟೋರ್‌ನ ಆವೃತ್ತಿ ಕೂರದು. ಕೀಬೋರ್ಡ್ ಎಂದರೆ ಜನ ಒತ್ತಿದ ಪ್ರತಿ ಅಕ್ಷರವನ್ನೂ ಕಾಣುವ ಆ್ಯಪ್. ಉಸ್ತುವಾರಿ ಬದಲಾಗಿದೆ ಎಂದು ಆ್ಯಪ್‌ನ ವಿವರಣೆಯಲ್ಲೇ ಬರೆಯಿರಿ.

ಪ್ರಶ್ನೆ: ಒಂದು ಪೈಥಾನ್ ಪ್ಯಾಕೇಜ್‌ನ ಕರ್ತೃ ಎರಡು ವರ್ಷದಿಂದ ಸುಳಿವಿಲ್ಲ. ಹೆಸರನ್ನು ನಾನು ಪಡೆಯಬಹುದೇ?
– ಓದುಗರು, ಮಂಗಳೂರು

ಉತ್ತರ: ಪೈಪಿಐನಲ್ಲಿ ಪೆಪ್ 541 ಎಂಬ ನಿಯಮ ಇದಕ್ಕೆಂದೇ ಇದೆ. 12 ತಿಂಗಳಿಂದ ಬಿಡುಗಡೆ ಇರಬಾರದು, ಕರ್ತೃ ಸಿಗದಿರಬೇಕು, ಯೋಜನೆಯ ಪುಟದಲ್ಲಿ ಅವರ ಚಟುವಟಿಕೆಯೂ ಕಾಣಬಾರದು. ನೀವು ಸಂಪರ್ಕಿಸಲು ಯತ್ನಿಸಿದ್ದಕ್ಕೆ ಪುರಾವೆ, ನಿಮ್ಮ ಫೋರ್ಕ್‌ನಲ್ಲಿ (ಅದೇ ಕೋಡ್‌ನ ನಿಮ್ಮ ಪ್ರತಿಯಲ್ಲಿ) ಮಾಡಿದ ಸುಧಾರಣೆ, ಬೇರೆ ಹೆಸರು ಯಾಕೆ ಸಾಲದು ಎಂಬುದಕ್ಕೆ ಕಾರಣ ಕೊಡಬೇಕು. ಪೈಪಿಐನವರು ತಾವೂ ಕನಿಷ್ಠ ಮೂರು ಬಾರಿ ಯತ್ನಿಸಿ, ಆರು ವಾರದ ನಂತರ ಆ ಯತ್ನ ಕೈಬಿಡುತ್ತಾರೆ. ಬೇರೆ ಹೆಸರು ಸಾಕಾಗುವುದಾದರೆ ಅದೇ ಮೇಲು.

ನಿಮ್ಮ ಯೋಜನೆಗೆ ಈ ಗತಿ ಬಾರದಿರಲು ಗಿಟ್‌ಹಬ್‌ನ ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಉತ್ತರಾಧಿಕಾರಿಯನ್ನು ಈಗಲೇ ಹೆಸರಿಸಿ. ಅವರು ಮರಣ ಪ್ರಮಾಣಪತ್ರ ಕೊಟ್ಟ 7 ದಿನಗಳ ನಂತರ, ಅಥವಾ ನಿಧನವಾರ್ತೆಯ ಪ್ರತಿ ಕೊಟ್ಟ 21 ದಿನಗಳ ನಂತರ, ನಿಮ್ಮ ಸಾರ್ವಜನಿಕ ರೆಪೊಗಳನ್ನು ವರ್ಗಾಯಿಸಿಕೊಳ್ಳಬಹುದು. ನಿಮ್ಮ ಖಾತೆಗೆ ಲಾಗಿನ್ ಆಗಲು ಅವರಿಗೆ ಆಗದು, ಪೈಪಿಐಗೂ ಇದು ಅನ್ವಯಿಸದು. ಅಲ್ಲಿ ಎರಡನೆಯ ಓನರ್ ಒಬ್ಬರನ್ನು ನೀವೇ ಸೇರಿಸಿಡಬೇಕು.