ಹಸಿಯಾಗಿ ಕಚ್ಚಿದರೆ ಹುಳಿ, ಬಿಸಿನೀರಿಗೆ ಹಾಕಿದರೆ ಬೆಣ್ಣೆ

ಪ್ರಶ್ನೆ: ಕೆಲಸದ ಮೇಲೆ ಕ್ಯಾಮರೂನಿನ ಡುವಾಲಾದಲ್ಲಿದ್ದೇನೆ. ಇಲ್ಲಿ ರಸ್ತೆ ಬದಿ ಸುಟ್ಟ ಬಾಳೆಕಾಯಿ ಜೊತೆ ನೇರಳೆ ಬಣ್ಣದ ಉದ್ದನೆಯ ಹಣ್ಣು ಮಾರುತ್ತಾರೆ. ‘ಪ್ರೂನ್’ ಅಂತಾರೆ. ಮನೆಗೆ ತಂದು ಹಾಗೇ ಕಚ್ಚಿದೆ. ಗಟ್ಟಿ, ಹುಳಿ! ಇದನ್ನು ತಿನ್ನುವುದು ಹೇಗೆ? ಬೀಜ ತಂದು ತೀರ್ಥಹಳ್ಳಿಯ ನಮ್ಮ ತೋಟದಲ್ಲಿ ಹಾಕಬಹುದೇ?

ಉತ್ತರ: ನೀವು ತಿಂದಿದ್ದು ಸಫೂ. ಕಾಂಗೋ ಕಡೆ ಆ ಹೆಸರು, ನೈಜೀರಿಯಾದ ಇಗ್ಬೋ ಜನರಿಗೆ ‘ಉಬೆ’. ನಮ್ಮ ಘಟ್ಟದ ಕರಿಧೂಪದ ಮರವೂ ಇದರ ಕುಟುಂಬದ್ದೇ. ಸಫೂ ಮರದ ತೊಗಟೆ ಗಾಯವಾದರೂ ಹಾಗೇ ಘಮ್ಮೆನ್ನುವ ಅಂಟು ಬರುತ್ತದೆ.

ಇದು ಸಿಹಿ ಹಣ್ಣಲ್ಲ, ಊಟದ ಹಣ್ಣು. ತಿರುಳನ್ನು ಒಣಗಿಸಿದರೆ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ. ಗುಲಾಬಿ ಬಣ್ಣದ್ದು ಇನ್ನೂ ಕಾಯಿ, ಕಡುನೀಲಿಯದನ್ನು ಆರಿಸಿ. ನೀರು ಕುದಿಸಿ ಒಲೆಯಿಂದ ಇಳಿಸಿ, ಹಣ್ಣು ಹಾಕಿ ಮುಚ್ಚಿಡಿ. ಕೆಲವೇ ನಿಮಿಷ ಸಾಕು, ಬೆರಳಲ್ಲಿ ಒತ್ತಿದರೆ ತಗ್ಗಬೇಕು. ಒಲೆ ಮೇಲೇ ಜಾಸ್ತಿ ಹೊತ್ತು ಬಿಟ್ಟರೆ ಸಿಪ್ಪೆ ಒಡೆದು ಗೊಜ್ಜಾಗುತ್ತದೆ. ಕೆಂಡದ ಬದಿಗೂ ಇಡಬಹುದು. ಒಳಗಿನ ಹಸಿರು ತಿರುಳು ಬೆಣ್ಣೆಹಣ್ಣಿನ ಹಾಗೆ ಮೆತ್ತಗಾಗುತ್ತದೆ, ಸ್ವಲ್ಪ ಹುಳಿ ಉಳಿಯುತ್ತದೆ. ಚಿಟಿಕೆ ಉಪ್ಪು ಹಾಕಿ ಸುಟ್ಟ ಬಾಳೆಕಾಯಿ ಜೊತೆ ತಿನ್ನಿ. ಇಗ್ಬೋ ಜನರಂತೆ ಮುಸುಕಿನ ಜೋಳದ ತೆನೆ ಜೊತೆಗಾದರೆ ಇನ್ನೂ ರುಚಿ ಅನ್ನುವುದು ನನ್ನ ಪಕ್ಷಪಾತ. ಜಾಸ್ತಿ ಕೊಂಡಿಡಬೇಡಿ, ಎರಡು ಮೂರು ದಿನಕ್ಕೇ ಮೆತ್ತಗಾಗಿ ಕೆಡುತ್ತದೆ.

ಬೀಜದ ವಿಷಯ ಅಷ್ಟು ಸುಲಭವಲ್ಲ. ಸುಮ್ನೆ ಬ್ಯಾಗಲ್ಲಿ ತರುವ ಹಾಗಿಲ್ಲ. ಭಾರತದ 2003ರ ಸಸ್ಯ ಸಂಪರ್ಕ ತಡೆ (ಕ್ವಾರಂಟೈನ್) ಆದೇಶದ ಪ್ರಕಾರ ಆಮದು ಪರವಾನಗಿ, ಅಲ್ಲಿಯ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಕಾಗದ ಕೈಗೆ ಬರುವಷ್ಟರಲ್ಲಿ ಬೀಜ ಸತ್ತಿರುತ್ತದೆ, ಯಾಕಂದ್ರೆ ಹಣ್ಣಿಂದ ತೆಗೆದ ಮೇಲೆ ಅದಕ್ಕೆ ಮೊಳೆಯುವ ಶಕ್ತಿ ಕೆಲವೇ ದಿನ. ಮೊಳೆತರೂ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಯಾವುದು ಬಂತು ಅಂತ ತಿಳಿಯಲು ಹೂ ಬಿಡುವವರೆಗೆ, ಅಂದರೆ ಸುಮಾರು 5ರಿಂದ 7 ವರ್ಷ ಕಾಯಬೇಕು. ಅದಕ್ಕೇ ಕ್ಯಾಮರೂನಿನಲ್ಲಿ ಒಳ್ಳೆ ಹಣ್ಣು ಬಿಡುವ ಮರ ನೋಡಿ ಅದರ ಕೊಂಬೆಗೆ ಗೂಟಿ ಕಟ್ಟಿ, ಅಂದರೆ ಕೊಂಬೆಯಲ್ಲೇ ಬೇರು ಬರಿಸಿ, ಗಿಡ ಮಾಡುವುದನ್ನು ರೈತರಿಗೆ ಕಲಿಸಿದ್ದಾರೆ. ಕೋಕೋ, ಕಾಫಿ ತೋಟದ ನಡುವೆ ನೆರಳಿಗೂ ಆಯಿತು, ಹಣ್ಣಿಗೂ ಆಯಿತು ಅಂತ ಬೆಳೆಸುತ್ತಾರೆ.

ಆಸೆ ತಡೆಯದಿದ್ದರೆ ಡುವಾಲಾದ ಬಾಡಿಗೆ ಮನೆ ಹಿತ್ತಲಲ್ಲೇ ಹಾಕಿ. ಹಸಿ ಹಣ್ಣಿನ ಬೀಜವೇ ಆಗಬೇಕು, ಬಿಸಿನೀರು ಕಂಡದ್ದು ಬೇಡ. ಹಣ್ಣು ಬಿಡುವಾಗ ನೀವಿರದಿದ್ದರೂ ಮನೆ ಮಾಲೀಕರಿಗೆ ಲಾಭ, ಅಲ್ವಾ?