ಮಾರ್ಚ್‌ನಲ್ಲಿ ಹೊಬಾರ್ಟ್, ಜೂನ್‌ನಲ್ಲಿ ಧಾರವಾಡ

ಓದುಗರ ಪ್ರಶ್ನೆ, ನಮ್ಮ ಉತ್ತರ: ನಿವೃತ್ತಿಯ ನಂತರ ಎಲ್ಲಿ ನೆಲೆಸುವುದು?

ಪ್ರಶ್ನೆ: ನಾನು 66 ವರ್ಷದ ನಿವೃತ್ತ ಕಾಲೇಜು ಅಧ್ಯಾಪಕ, ಪತ್ನಿಗೆ 62. ಧಾರವಾಡದಲ್ಲಿ ಸ್ವಂತ ಮನೆಯಿದೆ. ಮಗ ಪುಣೆಯಲ್ಲಿದ್ದಾನೆ. ಮಗಳು ಆಸ್ಟ್ರೇಲಿಯದ ಟಾಸ್ಮೇನಿಯ ದ್ವೀಪದ ಹೊಬಾರ್ಟ್‌ನಲ್ಲಿ ನೆಲೆಸಿ ಅಲ್ಲಿಯ ಪೌರತ್ವ ಪಡೆದಿದ್ದಾಳೆ. ಇಲ್ಲಿಯ ಬೇಸಿಗೆ ಈಚೆಗೆ ನಮಗಿಬ್ಬರಿಗೂ ತಡೆಯಲಾಗುತ್ತಿಲ್ಲ. ಕಾರವಾರ ಅಥವಾ ಗೋವೆಯ ಕಡಲ ಬದಿಗೆ ಹೋಗಿ ಇರೋಣವೆಂದು ಮೊದಲು ಯೋಚಿಸಿದ್ದೆವು. ಆದರೆ ಮಗಳು, "ಅಪ್ಪಾ, ಧಗಿ ಬಿಟ್ಟು ಮತ್ತ ಧಗಿಗೇ ಯಾಕ ಹೋಗತೀರಿ? ಮನಿ ಮಾರಿ ಇಲ್ಲೇ ಬಂದುಬಿಡ್ರಿ" ಎನ್ನುತ್ತಿದ್ದಾಳೆ. ನನಗೆ ರಕ್ತದೊತ್ತಡವಿದೆ, ಪತ್ನಿಗೆ ಮೊಣಕಾಲು ನೋವು. ನಾವು ಏನು ಮಾಡುವುದು ಉಚಿತ?
– ನಿವೃತ್ತ ಅಧ್ಯಾಪಕರು, ಧಾರವಾಡ

ಉತ್ತರ: ನಿಮ್ಮ ಮಗಳ ಮಾತಿನಲ್ಲಿ ಮೊದಲಿನ ಅರ್ಧವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ಮನೆ ಮಾರುವ ಮಾತನ್ನು ಒಪ್ಪುವುದಿಲ್ಲ.

ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಏಪ್ರಿಲ್‌ನಲ್ಲಿ ಹಗಲಿನ ಬಿಸಿಲು 37 ಡಿಗ್ರಿಯ ಆಸುಪಾಸಿಗೆ ಏರಿದರೂ ಗಾಳಿ ಒಣಗಿರುವುದರಿಂದ ಬೆವರು ಬೇಗ ಆರುತ್ತದೆ, ಮತ್ತು ರಾತ್ರಿ ಒಂದು ಹೊತ್ತಿನ ಮೇಲಾದರೂ ಮೈ ತಣ್ಣಗಾಗಿ ನಿದ್ದೆ ಬರುತ್ತದೆ. ಕರಾವಳಿಯಲ್ಲಿ ಉಷ್ಣಮಾಪಕ 33 ಅಥವಾ 34ರಲ್ಲಿಯೇ ನಿಂತಿರಬಹುದು, ಆದರೆ ಗಾಳಿಯ ತುಂಬ ನೀರಿನ ಅಂಶವಿರುವುದರಿಂದ ಬೆವರು ಆರದೆ ಇಳಿಯುತ್ತಲೇ ಇರುತ್ತದೆ. ಮೇ ತಿಂಗಳ ರಾತ್ರಿಯೂ ಹಗಲಿನಂತೆಯೇ ಬೇಯಿಸುತ್ತದೆ. ಬೆವರು ಬಂದರೆ ಸಾಲದು, ಅದು ಆರಿದಾಗಲೇ ದೇಹ ತಂಪಾಗುವುದು. ವಯಸ್ಸಾದಂತೆ ಬೆವರುವ ಶಕ್ತಿಯೂ ಬಾಯಾರಿಕೆಯ ಅರಿವೂ ಕುಗ್ಗುತ್ತವೆ. ರಕ್ತದೊತ್ತಡಕ್ಕೆ ಕೊಡುವ ಕೆಲವು ಗುಳಿಗೆಗಳು ಮೂತ್ರದ ಮೂಲಕ ದೇಹದ ನೀರನ್ನು ಇನ್ನಷ್ಟು ಕಡಿಮೆ ಮಾಡುತ್ತವೆ. ಹೀಗಾಗಿ ಧಗೆಯಿಂದ ಪಾರಾಗಲು ಕಡಲ ಬದಿಗೆ ಹೋಗುವುದು ನಿಮ್ಮ ವಯಸ್ಸಿಗೆ ಸರಿಹೋಗುವ ಯೋಜನೆಯಲ್ಲ.

ಇನ್ನು ಹೊಬಾರ್ಟ್. ಅದು ದಕ್ಷಿಣ ಗೋಳಾರ್ಧದಲ್ಲಿ ಸುಮಾರು 43 ಡಿಗ್ರಿ ಅಕ್ಷಾಂಶದಲ್ಲಿದೆ. ಸುತ್ತಲಿನ ಸಮುದ್ರ ನಿಧಾನವಾಗಿ ಕಾಯ್ದು ನಿಧಾನವಾಗಿ ಆರುವುದರಿಂದ ಅಲ್ಲಿಯ ಬೇಸಿಗೆ ಸೌಮ್ಯ: ಜನವರಿಯಲ್ಲಿ ಹಗಲಿನ ಸರಾಸರಿ ಗರಿಷ್ಠ 22ರಿಂದ 23 ಡಿಗ್ರಿ. ವರ್ಷದ ಮಳೆ ಸುಮಾರು 600 ಮಿಲಿಮೀಟರ್. ನಮ್ಮ ಗದಗಿನ ಕಡೆ ಬೀಳುವುದೂ ಹೆಚ್ಚುಕಡಿಮೆ ಇಷ್ಟೇ, ಆದರೆ ಇಲ್ಲಿ ಅದು ಕೆಲವೇ ತಿಂಗಳಲ್ಲಿ ಸುರಿದು ಮುಗಿದರೆ ಅಲ್ಲಿ ಹನ್ನೆರಡೂ ತಿಂಗಳಿಗೆ ಹಂಚಿಹೋಗಿ ಜಿಟಿಜಿಟಿ ಎನ್ನುತ್ತದೆ. ಇಡೀ ಟಾಸ್ಮೇನಿಯ ವಿಸ್ತೀರ್ಣದಲ್ಲಿ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ದೊಡ್ಡದು, ಆದರೆ 2021ರ ಜನಗಣತಿಯಂತೆ ಅಲ್ಲಿದ್ದ ಜನ 5.6 ಲಕ್ಷಕ್ಕಿಂತ ಕಡಿಮೆ. 2011ರಲ್ಲಿಯೇ ಹುಬ್ಬಳ್ಳಿ-ಧಾರವಾಡ ಅವಳಿನಗರದಲ್ಲಿ 9.4 ಲಕ್ಷ ಜನರಿದ್ದರು. ಸಂಜೆ ಕರ್ನಾಟಕ ಕಾಲೇಜಿನ ಮೈದಾನಕ್ಕೆ ಹೋದರೆ ಹತ್ತು ಜನ ಪರಿಚಿತರು ಸಿಗುವ ಬದುಕಿಗೆ ಒಗ್ಗಿದವರು ಈ ವ್ಯತ್ಯಾಸವನ್ನು ಹವಾಮಾನದಷ್ಟೇ ಗಂಭೀರವಾಗಿ ಎಣಿಸಬೇಕು.

ತಂಪು ಎಂದಮಾತ್ರಕ್ಕೆ ಅಲ್ಲಿ ಬಿಸಿಲಿನ ಭಯವೇ ಇಲ್ಲವೆಂದು ತಿಳಿಯಬೇಡಿ. ಆಸ್ಟ್ರೇಲಿಯದ ಒಳನಾಡಿನ ಕಡೆಯಿಂದ ಉತ್ತರದ ಗಾಳಿ ಬೀಸಿದ ದಿನ ಹೊಬಾರ್ಟ್ ಕೂಡ ಕಾದ ಹಂಚಾಗುತ್ತದೆ. 2013ರ ಜನವರಿ 4ರಂದು ಅಲ್ಲಿ 41.8 ಡಿಗ್ರಿ ದಾಖಲಾಗಿತ್ತು. 1967ರ ಫೆಬ್ರವರಿ 7ರ ಕಾಳ್ಗಿಚ್ಚಿನಲ್ಲಿ ಆ ಭಾಗದಲ್ಲಿ 62 ಜನ ಸತ್ತರು. ಬೇಸಿಗೆಯಲ್ಲಿ ಗಾಳಿ ತಣ್ಣಗಿದ್ದರೂ ಅತಿನೇರಳೆ ಕಿರಣ ತೀವ್ರವಾಗಿರುವುದರಿಂದ ಮಧ್ಯಾಹ್ನ ಟೊಪ್ಪಿಗೆಯಿಲ್ಲದೆ ಅಡ್ಡಾಡುವಂತಿಲ್ಲ.

ಆದರೆ ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಚಿಂತೆಯಾಗುವುದು ಅಲ್ಲಿಯ ಚಳಿಗಾಲ. ಜುಲೈನಲ್ಲಿ ಹಗಲಿನ ಗರಿಷ್ಠ 12 ಡಿಗ್ರಿಯ ಸುತ್ತ, ರಾತ್ರಿ 4 ಅಥವಾ 5. ಊರಿನ ಬೆನ್ನಿಗೇ ನಿಂತಿರುವ 1,271 ಮೀಟರ್ ಎತ್ತರದ ಕುನಾನ್ಯಿ ಅಥವಾ ಮೌಂಟ್ ವೆಲ್ಲಿಂಗ್ಟನ್ ಮೇಲೆ ಹಿಮ ಬೀಳುತ್ತದೆ. ಜೂನ್ 21ರ ಹೊತ್ತಿಗೆ ಹಗಲು ಒಂಬತ್ತು ತಾಸು ಮಾತ್ರ, ಐದು ಗಂಟೆಗೆ ಮುನ್ನವೇ ಸೂರ್ಯ ಮುಳುಗುತ್ತಾನೆ. ನಮ್ಮಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ತಾಸಿಗೆ ಕಡಿಮೆಯಾಗುವುದಿಲ್ಲ. ಥಂಡಿಯಲ್ಲಿ ಚರ್ಮದ ರಕ್ತನಾಳಗಳು ಸಂಕುಚಿತವಾಗಿ ರಕ್ತದೊತ್ತಡ ಏರುತ್ತದೆ. ಶೀತ ದೇಶಗಳಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಸಾವುಗಳು ಚಳಿಗಾಲದಲ್ಲಿ ಹೆಚ್ಚುವುದಕ್ಕೆ ಇದೂ ಒಂದು ಕಾರಣ. ಮೊಣಕಾಲು ನೋವಿರುವ ಅನೇಕರು ಚಳಿಯಲ್ಲಿ ಬಿಗಿತ ಹೆಚ್ಚುತ್ತದೆಂದು ಹೇಳುತ್ತಾರೆ. ಮನೆಯೊಳಗಿನ ಉಷ್ಣತೆ 18 ಡಿಗ್ರಿಗಿಂತ ಕೆಳಗಿಳಿಯಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹೊಬಾರ್ಟ್‌ನ ಹಳೆಯ ಮರದ ಮನೆಗಳಲ್ಲಿ ಅದನ್ನು ಕಾಯ್ದುಕೊಳ್ಳಬೇಕಾದರೆ ದಿನವಿಡೀ ಹೀಟರ್ ಉರಿಯಬೇಕು. ಮಗಳ ಮನೆಯ ಗೋಡೆ ಮತ್ತು ಮಾಳಿಗೆಗೆ ಉಷ್ಣನಿರೋಧಕ ಹಾಕಿದ್ದಾರೆಯೇ ಎಂದು ಈಗಲೇ ಕೇಳಿಕೊಳ್ಳಿ.

ಹವಾಮಾನ ಒಪ್ಪಿದರೂ ವೀಸಾ ಒಪ್ಪಬೇಕಲ್ಲ. ನಿಮ್ಮ ಮಕ್ಕಳಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಆಸ್ಟ್ರೇಲಿಯದಲ್ಲಿ ಕಾಯಂ ನೆಲೆಸಿರಬೇಕೆಂಬ ನಿಯಮಕ್ಕೆ ನೀವು ಹೊಂದುತ್ತೀರಿ, ಏಕೆಂದರೆ ಇಬ್ಬರಲ್ಲಿ ಒಬ್ಬರು ಅಲ್ಲಿದ್ದಾರೆ. ಆದರೆ ಹೆಚ್ಚು ಶುಲ್ಕದ ಕಾಯಂ ಪೋಷಕರ ವೀಸಾಕ್ಕೆ ತಲಾ 45 ಸಾವಿರ ಆಸ್ಟ್ರೇಲಿಯನ್ ಡಾಲರ್‌ಗೂ ಮಿಕ್ಕಿ ಕಟ್ಟಬೇಕು, ಅಂದರೆ ಇಬ್ಬರಿಗೆ ಸೇರಿ ಸುಮಾರು ಅರ್ಧ ಕೋಟಿ ರೂಪಾಯಿ. ಇಷ್ಟು ಕಟ್ಟಲು ಸಿದ್ಧರಿದ್ದರೂ ಸರದಿಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಯಬೇಕಾಗುತ್ತದೆ. ಕಡಿಮೆ ಶುಲ್ಕದ ಸರದಿ ಮೂವತ್ತು ವರ್ಷಗಳಷ್ಟಿದೆ. 66ರ ವಯಸ್ಸಿನವರಿಗೆ ಅದನ್ನು ಒಂದು ದಾರಿಯೆಂದು ತೋರಿಸುವುದೇ ತಮಾಷೆ. ಮಗಳು ಪ್ರಾಯೋಜಕಳಾಗಿ ನಿಂತರೆ ಸಿಗುವ ತಾತ್ಕಾಲಿಕ ಪೋಷಕರ ವೀಸಾ 3 ಅಥವಾ 5 ವರ್ಷದ್ದು, ಒಟ್ಟು 10 ವರ್ಷ ಮೀರುವಂತಿಲ್ಲ. ಹಾಗಾದರೆ 76ನೆಯ ವಯಸ್ಸಿನಲ್ಲಿ ಮರಳಿ ಬರುವುದು ಯಾವ ಮನೆಗೆ? ಧಾರವಾಡದ ಮನೆ ಮಾರಬೇಡಿ ಎಂದು ನಾನು ಹೇಳುವುದು ಮುಖ್ಯವಾಗಿ ಈ ಕಾರಣಕ್ಕೆ.

ನನ್ನ ಸಲಹೆ ಇಷ್ಟು: ಅಲ್ಲಿಗೆ ನೆಲೆಸಲು ಹೋಗಬೇಡಿ, ಪ್ರತಿ ವರ್ಷ ಮಾರ್ಚ್ ಮೊದಲ ವಾರ ಹೋಗಿ ಮೇ ಕೊನೆಗೆ ಮರಳಿ ಬನ್ನಿ. ಋತುಗಳು ತಿರುವುಮುರುವಾಗಿರುವುದು ನಿಮಗೆ ದೊರೆತ ಅನುಕೂಲ. ಮಾರ್ಚ್‌ನಲ್ಲಿ ಹೊಬಾರ್ಟ್‌ನ ಹಗಲು ಸುಮಾರು 20 ಡಿಗ್ರಿ, ಏಪ್ರಿಲ್‌ನಲ್ಲಿ 18ರ ಆಸುಪಾಸು, ಮೇನಲ್ಲಿ 15. ಕಾಳ್ಗಿಚ್ಚಿನ ತೀವ್ರ ಕಾಲ ಬಹುಮಟ್ಟಿಗೆ ಕಳೆದಿರುತ್ತದೆ, ಗಟ್ಟಿ ಚಳಿ ಇನ್ನೂ ಬಂದಿರುವುದಿಲ್ಲ. ಇಲ್ಲಿ ಬಿಸಿಲು ಕಾಯುವ ಮೂರು ತಿಂಗಳು ಅಲ್ಲಿ ಶರತ್ಕಾಲ. ನೀವು ಮರಳುವ ಹೊತ್ತಿಗೆ ಮುಂಗಾರು ಕಾಲಿಡುತ್ತಿರುತ್ತದೆ, ಜೂನ್‌ನಿಂದ ಫೆಬ್ರವರಿಯವರೆಗಿನ ಧಾರವಾಡಕ್ಕಿಂತ ಹಿತವಾದ ಹವೆಯನ್ನು ಹುಡುಕಿಕೊಂಡು ಹೋಗಬೇಕಾದ ಅಗತ್ಯವೂ ಇಲ್ಲ. ನಿವೃತ್ತರು ಬಹುಕಾಲದಿಂದ ಈ ಊರನ್ನು ಆರಿಸಿಕೊಂಡದ್ದು ಸುಮ್ಮನೆ ಅಲ್ಲ.

ಇದಕ್ಕೆ ಹಲವು ಬಾರಿ ಹೋಗಿಬರಲು ಅವಕಾಶವಿರುವ ಸಂದರ್ಶಕರ ವೀಸಾ ಸಾಕು. ವರ್ಷಕ್ಕೆ ಮೂರು ತಿಂಗಳಷ್ಟೇ ಹೊರಗಿರುವುದರಿಂದ ಆದಾಯ ತೆರಿಗೆಯ ಲೆಕ್ಕದಲ್ಲಿ ನೀವು ಭಾರತದ ನಿವಾಸಿಗಳಾಗಿಯೇ ಉಳಿಯುತ್ತೀರಿ. ಅನಿವಾಸಿಗಳಿಗೆ ಹೊಸದಾಗಿ ತೆರೆಯಲು ಬಾರದ ಹಿರಿಯ ನಾಗರಿಕರ ಉಳಿತಾಯ ಯೋಜನೆಯಂತಹ ಸೌಲಭ್ಯ ಕೈತಪ್ಪುವುದಿಲ್ಲ. ನವೆಂಬರ್‌ನಲ್ಲಿ ಪಿಂಚಣಿಯ ಜೀವಂತ ಪ್ರಮಾಣಪತ್ರ ಕೊಡುವಾಗಲೂ ಊರಲ್ಲೇ ಇರುತ್ತೀರಿ. ಭಾರತದೊಂದಿಗೆ ಆಸ್ಟ್ರೇಲಿಯಕ್ಕೆ ಪರಸ್ಪರ ಆರೋಗ್ಯ ಸೇವೆಯ ಒಪ್ಪಂದವಿಲ್ಲ, ಆದ್ದರಿಂದ ಮೊದಲೇ ಇರುವ ರಕ್ತದೊತ್ತಡವನ್ನು ಮುಚ್ಚಿಡದೆ ಬರೆಸಿ ಪ್ರವಾಸ ವಿಮೆ ಮಾಡಿಸಿ. ವಿಮೆ ಅಗ್ಗವಾಗಲೆಂದು ಆ ಒಂದು ಸಾಲು ಬಿಡುವವರೇ ಮುಂದೆ ಆಸ್ಪತ್ರೆಯ ಬಿಲ್ಲನ್ನು ಕೈಯಿಂದ ತೆರುವುದು. ವೈದ್ಯರ ಚೀಟಿಯೊಂದಿಗೆ ಮೂರು ತಿಂಗಳ ಗುಳಿಗೆ ಒಯ್ಯಬಹುದು. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಏನೇ ಒಯ್ದರೂ ವಿಮಾನ ಇಳಿಯುವ ಮೊದಲು ತುಂಬುವ ಪತ್ರದಲ್ಲಿ ತಪ್ಪದೆ ಬರೆಯಿರಿ. ಹಣ್ಣು, ತರಕಾರಿ, ಬೀಜಗಳ ವಿಷಯದಲ್ಲಿ ಆಸ್ಟ್ರೇಲಿಯ ಕಟ್ಟುನಿಟ್ಟು, ಟಾಸ್ಮೇನಿಯ ಇನ್ನೂ ಕಟ್ಟುನಿಟ್ಟು.

ಪ್ರಶ್ನೆ: ನಮಗೆ ಮಕ್ಕಳಿಲ್ಲ. ನನ್ನದು ಎಂಜಿನಿಯರ್ ಹುದ್ದೆಯ ಪಿಂಚಣಿ, ಜೊತೆಗೆ ಎಂಟು ಎಕರೆ ಎರೆ ಹೊಲವಿದೆ. ಪೋರ್ಚುಗಲ್‌ನ ಮದೈರಾ ಮತ್ತು ಅಜೋರ್ಸ್ ದ್ವೀಪಗಳಲ್ಲಿ ನಿವೃತ್ತರು ಕಡಿಮೆ ಖರ್ಚಿನಲ್ಲಿ ನೆಲೆಸಬಹುದು, ಮಾರಿಷಸ್‌ಗಿಂತ ಅವೇ ತಂಪು ಎಂದು ಕೇಳಿದ್ದೇನೆ. ನಿಜವೇ?
– ಓದುಗರು, ಗದಗ-ಬೆಟಗೇರಿ

ಉತ್ತರ: ತಂಪು ಎಂಬುದು ನಿಜ. ಮದೈರಾದ ಮುಖ್ಯ ಊರು ಫುಂಶಾಲ್ ಹೆಚ್ಚುಕಡಿಮೆ ನಮ್ಮ ಜಮ್ಮುವಿನ ಅಕ್ಷಾಂಶದಲ್ಲಿಯೇ ಇದೆ. ಜಮ್ಮುವಿನಲ್ಲಿ ಬೇಸಿಗೆ 40 ಡಿಗ್ರಿ ದಾಟಿದರೆ, ಅಟ್ಲಾಂಟಿಕ್ ಸಾಗರದ ನಡುವಿನ ಫುಂಶಾಲ್‌ನಲ್ಲಿ ಆಗಸ್ಟ್‌ನ ಹಗಲು 26ರ ಸುತ್ತ ನಿಲ್ಲುತ್ತದೆ, ಫೆಬ್ರವರಿಯ ರಾತ್ರಿಯೂ 13ಕ್ಕಿಂತ ಹೆಚ್ಚು ಇಳಿಯುವುದಿಲ್ಲ. ಅಲ್ಲಿ ಬಾಳೆ, ಕಬ್ಬು ಎರಡನ್ನೂ ಬೆಳೆಯುತ್ತಾರೆ. ಅಜೋರ್ಸ್ ಇನ್ನೂ ಉತ್ತರಕ್ಕಿದೆ, ಒಂಬತ್ತು ದ್ವೀಪಗಳ ಗುಂಪು. ಅದರ ಸಾವೊ ಮಿಗೆಲ್ ದ್ವೀಪದಲ್ಲಿ 1883ರಿಂದ ಚಹಾ ತೋಟವಿದೆ ಎಂದರೆ ಮಳೆ, ಮಂಜು, ತೇವ ಎಷ್ಟಿರಬಹುದೆಂದು ನೀವೇ ಊಹಿಸಬಹುದು. ಗದಗಿನ ಒಣಹವೆಯಲ್ಲಿ ಬಾಳಿದವರಿಗೆ ಅಜೋರ್ಸ್‌ನ ಗೋಡೆಯ ಬೂಸಲು ಬೇಸರ ತರುತ್ತದೆ. ಎರಡರಲ್ಲಿ ಆರಿಸುವುದಾದರೆ ಮದೈರಾದ ದಕ್ಷಿಣ ದಂಡೆಯೇ ವಾಸಿ. ಮಾರಿಷಸ್ ಉಷ್ಣವಲಯದ್ದೇ ದ್ವೀಪ, ಅಲ್ಲಿ ಚಂಡಮಾರುತದ ಕಾಲವೂ ಇದೆ.

ಕೆಲಸ ಮಾಡದೆ ಪಿಂಚಣಿ, ಬಾಡಿಗೆಯಂತಹ ಆದಾಯದಿಂದ ಬದುಕುವವರಿಗೆ ಪೋರ್ಚುಗಲ್ ಡಿ7 ಎಂಬ ವೀಸಾ ಕೊಡುತ್ತದೆ. ಅಲ್ಲಿಯ ಕನಿಷ್ಠ ವೇತನದಷ್ಟು ಆದಾಯವನ್ನು, ಸಂಗಾತಿಗಾಗಿ ಅದರ ಅರ್ಧವನ್ನು ತೋರಿಸಬೇಕು. 2025ರ ದರದಲ್ಲಿ ತಿಂಗಳಿಗೆ 870 ಯೂರೋ ಮತ್ತು 435 ಯೂರೋ, ಒಟ್ಟು 1,305. ಯೂರೋ ಒಂದಕ್ಕೆ ನೂರು ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 1.3 ಲಕ್ಷ. ಇದು ವೀಸಾಕ್ಕೆ ಬೇಕಾದ ಕನಿಷ್ಠ ಮಾತ್ರ, ನೆಮ್ಮದಿಯ ಬದುಕಿಗೆ ಸಾಲುವ ಮೊತ್ತವಲ್ಲ. ಹೊಸದಾಗಿ ಬರುವ ನಿವೃತ್ತರಿಗೆ ಇದ್ದ ಹಳೆಯ ತೆರಿಗೆ ರಿಯಾಯಿತಿ ಯೋಜನೆಯನ್ನು 2023ರ ಕೊನೆಗೆ ಮುಚ್ಚಿದ್ದಾರೆ, ಹಳೆಯ ಲೆಕ್ಕಗಳನ್ನು ನಂಬಬೇಡಿ. ವಾಸದ ಪರವಾನಗಿ ಉಳಿಯಬೇಕಾದರೆ ಸತತ ಆರು ತಿಂಗಳು ದ್ವೀಪ ಬಿಟ್ಟು ಊರಲ್ಲಿ ಕೂರುವಂತಿಲ್ಲ.

ಹೊಲದ ವಿಷಯ ಇಲ್ಲಿ ಮುಖ್ಯ. ನೀವು ಅನಿವಾಸಿಗಳಾದ ಮೇಲೂ ಈಗಿರುವ ಹೊಲವನ್ನು ಇಟ್ಟುಕೊಳ್ಳಬಹುದು, ಆದರೆ ಹೊಸದಾಗಿ ಕೃಷಿಭೂಮಿ ಕೊಳ್ಳುವಂತಿಲ್ಲ. ಮಾರುವುದಾದರೆ ಭಾರತದ ನಿವಾಸಿಗೇ ಮಾರಬೇಕು. ಆದ್ದರಿಂದ ಹೊಲ ಮಾರಿ ಹೋಗಿ, ಮನಸ್ಸು ಬದಲಾದರೆ ಅನಿವಾಸಿಯಾಗಿದ್ದುಕೊಂಡೇ ಮತ್ತೊಂದು ಕೊಂಡರಾಯಿತೆಂಬ ಲೆಕ್ಕ ನಡೆಯುವುದಿಲ್ಲ.

ಫುಂಶಾಲ್ ಕಡಿದಾದ ಗುಡ್ಡದ ಮೇಲೆ ಹಬ್ಬಿದ ಊರು, ಸಂತೆಗೆ ಹೋಗಿ ಬರುವುದೂ ಏರಿಳಿತವೇ. ವಿಮಾನ ನಿಲ್ದಾಣದ ಓಡುದಾರಿಯ ಒಂದು ಭಾಗ ಕಂಬಗಳ ಮೇಲೆ ನಿಂತಿದೆ. ಗಾಳಿ ಜೋರಾದ ದಿನ ವಿಮಾನಗಳು ಇಳಿಯದೆ ಬೇರೆಡೆ ಹೋಗುತ್ತವೆ. ಮಕ್ಕಳಿಲ್ಲದವರಿಗೆ ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತು ಪೋರ್ಚುಗೀಸ್‌ನಲ್ಲಿ ಮಾತನಾಡುವವರು ಯಾರು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಪೋರ್ಚುಗಲ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಅಲ್ಪಾವಧಿಯ ಷೆಂಗೆನ್ ವೀಸಾದ ಮೇಲೆ 180 ದಿನಗಳಲ್ಲಿ 90 ದಿನದವರೆಗೆ ಇರಲು ಅವಕಾಶವಿದೆ. ಜನವರಿಯಿಂದ ಮಾರ್ಚ್‌ವರೆಗೆ ಬಾಡಿಗೆ ಮನೆ ಹಿಡಿದು ಇದ್ದು ಬಂದ ಮೇಲೆಯೇ ಡಿ7 ಅರ್ಜಿಯ ಮಾತು.

ಪ್ರಶ್ನೆ: ಅಂಡಮಾನ್, ಲಕ್ಷದ್ವೀಪಗಳೂ ದ್ವೀಪಗಳೇ ಅಲ್ಲವೇ? ವಿದೇಶಕ್ಕೇಕೆ ಹೋಗಬೇಕು? ನನಗೆ ಉಬ್ಬಸವಿದೆ.
– ಮೆಣಸಿನಕಾಯಿ ವ್ಯಾಪಾರಿ, ಬ್ಯಾಡಗಿ, ಹಾವೇರಿ ಜಿಲ್ಲೆ

ಉತ್ತರ: ದ್ವೀಪಗಳೇ, ಆದರೆ ಎರಡೂ ಉಷ್ಣವಲಯದಲ್ಲಿವೆ. ಪೋರ್ಟ್ ಬ್ಲೇರ್, ಅಂದರೆ ಈಗಿನ ಶ್ರೀ ವಿಜಯಪುರಂನಲ್ಲಿ ವರ್ಷವಿಡೀ ಹಗಲು 30ರ ಆಸುಪಾಸು, ಮಳೆ ಸುಮಾರು 3,000 ಮಿಲಿಮೀಟರ್. ಲಕ್ಷದ್ವೀಪಕ್ಕೆ ಹೊರಗಿನವರು ಪರವಾನಗಿಯಿಲ್ಲದೆ ಹೋಗುವಂತಿಲ್ಲ. ನಮ್ಮ ದೇಶದಲ್ಲಿ ತಂಪು ಬೇಕೆಂದರೆ ಬೆಟ್ಟ ಹತ್ತಬೇಕು: ಸಾವಿರ ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ತಂಪಿನ ಜೊತೆಗೆ ದ್ವೀಪವೂ ಬೇಕೇ ಬೇಕೆನ್ನುವವರಿಗೆ ಹತ್ತಿರದ್ದು ಶ್ರೀಲಂಕಾದ ನುವಾರಾ ಎಲಿಯ, ಎತ್ತರ 1,868 ಮೀಟರ್.

ನಿಮ್ಮ ಉಬ್ಬಸಕ್ಕೆ ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ಘಾಟು ಎಷ್ಟು ಕಾರಣ, ಹವೆ ಎಷ್ಟು ಕಾರಣ ಎಂಬುದನ್ನು ಮೊದಲು ಹುಬ್ಬಳ್ಳಿಯಲ್ಲಿ ಶ್ವಾಸಕೋಶ ತಜ್ಞರಿಗೆ ತೋರಿಸಿ ತಿಳಿದುಕೊಳ್ಳಿ. ಘಾಟೇ ಕಾರಣವಾಗಿದ್ದರೆ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಹಾವೇರಿಯಲ್ಲಿ ಮನೆ ಮಾಡಿದರೂ ಸಾಕಾಗಬಹುದು. ತಂಪು ಮತ್ತು ತೇವ ಸೇರಿದ ಊರುಗಳಲ್ಲಿ ಬೂಸಲು, ಹಾಸಿಗೆಯ ನುಸಿಗಳಿಂದ ಉಬ್ಬಸ ಹೆಚ್ಚುವುದೂ ಉಂಟು. ಮಡಿಕೇರಿಯಾಗಲಿ ಊಟಿಯಾಗಲಿ, ಮುಂಗಡ ಕೊಡುವ ಮೊದಲು ಜುಲೈ ತಿಂಗಳನ್ನು ಅಲ್ಲಿ ಬಾಡಿಗೆ ಮನೆಯಲ್ಲಿ ಕಳೆಯಿರಿ, ಇನ್ಹೇಲರ್ ದಿನಕ್ಕೆ ಎಷ್ಟು ಸಲ ಬೇಕಾಯಿತೆಂದು ಬರೆದಿಟ್ಟು ವೈದ್ಯರಿಗೆ ತೋರಿಸಿ.